ಗೌರವ ವಂದನೆ ಯಾರಿಗೆ?



ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ಸುವರ್ಣ ಮಹೋತ್ಸವದಲ್ಲಿ ನಾಲ್ಕು ಮಾತು ಆಡುವ ಭಾಗ್ಯ ನನ್ನದು. ಸಮಾರಂಭಗಳಲ್ಲಿ ಸೈನಿಕರು ಸಲ್ಲಿಸುವ ಗೌರವ ವಂದನೆಯ ಬಗ್ಗೆ ಹೇಳುತ್ತೇನೆ.

ನಮ್ಮ ಕಡೆ ಸಮಾಳ, ನಂದಿಕೋಲು ಮುಂದೆ ಬಂದರೇನೇ ತೇರಿಗೆ ಕಳೆ. ಅವು ದೇವರಿಗೆ ಬೇಕಂತಲ್ಲ. ನೆರೆದ ಜನರ ಮನಸ್ಸು ಒಂದಾಗಬೇಕು. ಸರ್ಕಾರದ ಸಮಾರಂಭದಲ್ಲಿ ಗೌರವ ರಕ್ಷಕ ಪಡೆಯ ಕೆಲಸವೂ ಇದೇ.

ಮೊದಲು ಇವರು ಬರೀ ಕಾವಲಿನವರು. ಇಂದಿನ ರಾಷ್ಟ್ರಪತಿಗಳ ಅಂಗರಕ್ಷಕ ದಳವನ್ನು 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಕಟ್ಟಿದ್ದು ತನ್ನ ರಕ್ಷಣೆಗೆ. ಕಂಪನಿ ಹೋಯಿತು, ಬ್ರಿಟಿಷರೂ ಹೋದರು. ಅದೇ ದಳ ಈಗ ಜನಪ್ರತಿನಿಧಿಗಳು ಆರಿಸಿದ ರಾಷ್ಟ್ರಪತಿಗಳ ಮುಂದೆ ಕುದುರೆ ಏರಿ ನಿಲ್ಲುತ್ತದೆ. ಅಂದರೆ ವಂದನೆ ವ್ಯಕ್ತಿಗಲ್ಲ, ಪೀಠಕ್ಕೆ. ಆ ಪೀಠಕ್ಕೆ ಆಧಾರವಾದ ಜನರಿಗೆ. ಈ ದಳದವರು ಸಿಯಾಚಿನ್ ಹಿಮದಲ್ಲೂ ಕಾವಲು ಕಾದವರು.

ಹೆಣ್ಣುಮಕ್ಕಳೇ, 2015ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ದೆಹಲಿಗೆ ಬಂದಾಗ ಮೂರೂ ಸೇನೆಗಳ ಗೌರವ ಪಡೆಯನ್ನು ಮುನ್ನಡೆಸಿದವರು ವಿಂಗ್ ಕಮಾಂಡರ್ ಪೂಜಾ ಠಾಕೂರ್. ಆ ಜಾಗದಲ್ಲಿ ನಿಂತ ಮೊದಲ ಮಹಿಳೆ ಅವರು.

ಆದರೆ ಈ ವಂದನೆಯ ತೂಕ ತಿಳಿಯುವುದು ಹಳ್ಳಿಯಲ್ಲಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಎತ್ತರದಲ್ಲಿ, ಹತ್ತು ಯೋಧರು ಹಿಮದಡಿ ಸಿಕ್ಕರು. ಹಲವು ದಿನಗಳ ಮೇಲೆ ಜೀವಂತ ಸಿಕ್ಕವರು ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ. ಫೆಬ್ರವರಿ 11ರಂದು ಅವರೂ ದೆಹಲಿಯಲ್ಲಿ ತೀರಿಕೊಂಡರು. ಸಕಲ ಸೇನಾ ಗೌರವದೊಂದಿಗೆ ಹುಟ್ಟೂರಿನ ಮಣ್ಣಿಗೆ ಸೇರಿದರು.

ಅಂಥ ಹೊತ್ತಿನಲ್ಲಿ ಪೆಟ್ಟಿಗೆಯ ಮೇಲೆ ಹೊದಿಸಿದ ಧ್ವಜದ ಕೇಸರಿ ತಲೆಯ ಕಡೆಗಿರಬೇಕು. ಧ್ವಜವನ್ನು ಮಣ್ಣಿಗೂ ಇಳಿಸುವಂತಿಲ್ಲ, ಚಿತೆಗೂ ಹಾಕುವಂತಿಲ್ಲ. ಅದನ್ನು ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ದೊಡ್ಡವರ ಮುಂದೆ ಎತ್ತುವ ಬಂದೂಕನ್ನು ರೈತನ ಮಗನ ಮುಂದೆ ತಲೆಕೆಳಗಾಗಿ ಹಿಡಿದು ಸೈನಿಕರು ತಲೆಬಾಗುತ್ತಾರೆ.

ಮಕ್ಕಳೇ, ಆಗಸ್ಟ್ 15ರಂದು ಈ ಬಯಲಿನಲ್ಲಿ ನೀವು ಹೆಜ್ಜೆ ಹಾಕುವುದು ಅದೇ ಸಾಲಿನ ಬಾಲಪಾಠ. ಬಿಸಿಲಿರಲಿ, ಅಲುಗಾಡದೆ ನಿಲ್ಲಿರಿ.

ಹಿರಿಯರಲ್ಲಿ ಒಂದೇ ಬಿನ್ನಹ. ಗುಂಡಿನ ಸದ್ದು ಅಡಗಿದ ಮೇಲೆ ಪಡೆ ಊರು ಬಿಡುತ್ತದೆ. ಆ ಮನೆಯ ತಾಯಿಯ ಔಷಧಿ, ಮಕ್ಕಳ ಓದು, ಪಿಂಚಣಿಯ ಕಾಗದಪತ್ರ ಊರಲ್ಲೇ ಉಳಿಯುತ್ತವೆ. ಅಲ್ಲಿಂದ ಮುಂದಿನ ಗೌರವ ರಕ್ಷೆ ನಾವೇ ಆಗಬೇಕು.