ಇಯರ್‌ಫೋನ್ ಕೊಳ್ಳುವ ಮುನ್ನ ಕಿವಿಯನ್ನು ಕೇಳಿ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಈ ಕೂಟದಲ್ಲಿ ದಾಸಸಾಹಿತ್ಯದ ಮೇಲೆ, ನಾಡಿನ ಇತಿಹಾಸದ ಮೇಲೆ ಬಲ್ಲವರು ಮಾತಾಡಿ ಹೋಗಿದ್ದಾರೆ. ಇಂದಿನ ಪಾಳಿ ನನ್ನದು. ನಾನು ಮೆಟ್ರಿಕ್‌ವರೆಗೆ ಓದಿದವನು. ಭಿವಂಡಿಯ ಒಂದು ಮಗ್ಗದ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವುದು ನನ್ನ ಕೆಲಸ. ಭಾನುವಾರ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದು ನನ್ನ ಸೇವೆ. ಆದ್ದರಿಂದ ದೊಡ್ಡ ವಿಷಯಕ್ಕೆ ಕೈ ಹಾಕುವುದಿಲ್ಲ. ನಿಮ್ಮಲ್ಲಿ ಮುಕ್ಕಾಲು ಪಾಲು ಜನರ ಜೇಬಿನಲ್ಲಿ ಈಗ ಇರುವ ಒಂದು ವಸ್ತುವಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದು ಇಯರ್‌ಫೋನ್.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಹೇಗೆಂದು ಮೊದಲು ಹೇಳಬೇಕು. ನಮ್ಮ ಗಿರಣಿಯಲ್ಲಿ ಕಲಬುರ್ಗಿ ಕಡೆಯ ಒಬ್ಬ ತರುಣ ಮಗ್ಗ ನೋಡುತ್ತಾನೆ. ಅವನ ತಾಯಿಗೆ ಬರೆಯಲು ಬಾರದು. ಆಕೆ ಫೋನಿನಲ್ಲಿ ಮಾತನ್ನೇ ತುಂಬಿ ಕಳಿಸುತ್ತಾಳೆ. ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತು ಅದನ್ನು ಕೇಳುವುದೇ ಅವನಿಗೆ ದಿನದ ಸುಖ. ಒಂದು ಸಂಜೆ ನನ್ನ ಮೇಜಿನ ಬಳಿ ಬಂದು, “ಅಣ್ಣಾರ, ಇದರಾಗ ಸಪ್ಪಳ ಸಾಲಂಗಿಲ್ಲರೀ. ಅವ್ವನ ಮಾತು ತಿಳಿವಲ್ದು. ಇನ್ನೂ ಜೋರಿಂದು ಕೊಡಸ್ರಿ,” ಎಂದ.

ಅವನನ್ನು ಕರೆದುಕೊಂಡು ಬಂದದ್ದು ಇಲ್ಲಿಗೇ, ನಮ್ಮ ಗ್ರಾಂಟ್ ರೋಡಿಗೆ. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಲ್ಯಾಮಿಂಗ್ಟನ್ ರೋಡ್. ಒಂದು ಕಾಲದ ಮುಂಬಯಿ ಗವರ್ನರನ ಹೆಸರು ಅದು. ಈಗ ಸರಕಾರಿ ಹೆಸರು ಡಾ. ಭಡಕಮ್ಕರ್ ಮಾರ್ಗ ಎಂದಾಗಿದ್ದರೂ ಜನರ ಬಾಯಲ್ಲಿ ಹಳೆಯದೇ ಉಳಿದಿದೆ. ರೇಡಿಯೋ ಬಿಡಿಭಾಗದಿಂದ ಕಂಪ್ಯೂಟರಿನವರೆಗೆ ಅಲ್ಲಿ ಸಿಗದ ವಸ್ತುವಿಲ್ಲ. ಒಂದು ಅಂಗಡಿಯವನು ಸಾವಿರ ಚಿಲ್ಲರೆ ರೂಪಾಯಿಯ ಒಂದು ಜೊತೆ ತೋರಿಸಿ, “ಇದು ಹೈಬ್ರಿಡ್, ಒಂದೊಂದು ಕಿವಿಗೂ ಎರಡೆರಡು ಡ್ರೈವರ್,” ಎಂದು ಹೊಗಳಿದ. ನಮ್ಮ ತರುಣನಿಗೆ ಹೈಬ್ರಿಡ್ ಎಂದರೆ ಜೋಳ. ಡ್ರೈವರ್ ಎಂದರೆ ಬಸ್ಸು ಓಡಿಸುವವನು. ನನಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಕೊಂಡೆವು. ಮನೆಗೆ ಹೋಗಿ ಹಾಕಿ ನೋಡಿದರೆ ದನಿ ಡಬ್ಬಿಯೊಳಗಿಂದ ಬಂದಂತೆ ತೆಳ್ಳಗೆ ಕೇಳುತ್ತಿತ್ತು. ಅಂಗಡಿಯವನು ಮೋಸ ಮಾಡಿದನೆಂದು ಮುಂದಿನ ಭಾನುವಾರ ಜಗಳಕ್ಕೇ ಸಿದ್ಧನಾಗಿ ಹೋದೆ. ಅವನು ಜಗಳ ಮಾಡಲಿಲ್ಲ. ಇಯರ್‌ಫೋನಿನ ತುದಿಯ ರಬ್ಬರು ಕಿತ್ತು, ಒಂದು ಅಳತೆ ದೊಡ್ಡದನ್ನು ಸಿಕ್ಕಿಸಿ ಕೊಟ್ಟ. ಅದೇ ವಸ್ತು, ಅದೇ ಫೋನು. ಹುಡುಗ ಕಿವಿಗೆ ಹಾಕಿಕೊಂಡವನೇ ಬೆಚ್ಚಿ ಸದ್ದನ್ನು ಅರ್ಧಕ್ಕೆ ಇಳಿಸಿದ.

ಅಂದು ನಾನು ಕಲಿತ ಪಾಠವೇ ಇಂದಿನ ಭಾಷಣದ ಸಾರ. ಮೊದಲು ನೋಡಬೇಕಾದದ್ದು ಕಿವಿಯಲ್ಲಿ ಕೂರುವ ಬಗೆ, ಎರಡನೆಯದು ದನಿ, ಡ್ರೈವರುಗಳ ಲೆಕ್ಕ ಕಟ್ಟಕಡೆಗೆ. ಅಂಗಡಿಯ ಪೆಟ್ಟಿಗೆಯ ಮೇಲೆ ಇದು ತಿರುಗಾ ಮುರುಗಾ ಬರೆದಿರುತ್ತದೆ.

ಈಗ ಹೈಬ್ರಿಡ್ ಎಂದರೇನು ನೋಡೋಣ. ಇಯರ್‌ಫೋನಿನೊಳಗೆ ದನಿ ಹುಟ್ಟಿಸುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಮಿಕ್ ಎಂಬುದು ನಮ್ಮ ರೇಡಿಯೋದ ಸ್ಪೀಕರಿನ ಮರಿ. ಆಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕೆ ಅಂಟಿದ ತೆಳುವಾದ ಪೊರೆ. ವಿದ್ಯುತ್ತು ಹರಿದಂತೆ ಪೊರೆ ಅದುರುತ್ತದೆ. ಮದ್ದಲೆ, ಡಗ್ಗಾಗಳಂತಹ ತಗ್ಗಿನ ನಾದಕ್ಕೆ ಇದು ಒಳ್ಳೆಯದು. ಇನ್ನೊಂದು ಬ್ಯಾಲೆನ್ಸ್ಡ್ ಆರ್ಮೇಚರ್. ಎರಡು ಆಯಸ್ಕಾಂತಗಳ ನಡುವೆ ಒಂದು ಪುಟ್ಟ ಲೋಹದ ನಾಲಗೆ ಸಮತೂಕದಲ್ಲಿ ನಿಂತಿರುತ್ತದೆ. ಅದು ಮಿಸುಕಿದಾಗ ಸಣ್ಣ ಕಡ್ಡಿಯೊಂದು ಪೊರೆಯನ್ನು ಆಡಿಸುತ್ತದೆ. ಕಿವಿ ಮಂದವಾದವರು ಇಡುವ ಶ್ರವಣಯಂತ್ರದೊಳಗೆ ಬಹುಕಾಲದಿಂದ ಇರುವುದು ಇದೇ. ಗಾತ್ರ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಮೇಲಿನ ಸ್ವರಗಳನ್ನು ಚೊಕ್ಕವಾಗಿ ಬಿಡಿಸಿ ಹೇಳುತ್ತದೆ. ಈ ಎರಡನ್ನೂ ಒಂದೇ ಚಿಪ್ಪಿನಲ್ಲಿಟ್ಟು, ತಗ್ಗಿನ ಸ್ವರವನ್ನು ಒಂದಕ್ಕೂ ಎತ್ತರದ ಸ್ವರವನ್ನು ಇನ್ನೊಂದಕ್ಕೂ ಹಂಚಿಕೊಟ್ಟರೆ ಅದೇ ಹೈಬ್ರಿಡ್.

ಇಂತಹವು ಮೊದಲು ಹಾಡುಗಾರರ ಸಾಧನಗಳು. ವೇದಿಕೆಯ ಗದ್ದಲದಲ್ಲಿ ತಮ್ಮ ದನಿ ತಮಗೆ ಕೇಳಲೆಂದು ಅವರು ಕಿವಿಯೊಳಗೆ ಇಡುತ್ತಿದ್ದರು. ಅದರಿಂದ ಇನ್-ಇಯರ್ ಮಾನಿಟರ್ ಎಂಬ ಹೆಸರು. ಅವರಿಗೆ ಕಿವಿಯ ಅಚ್ಚು ತೆಗೆದು ಅಳತೆಗೆ ಮಾಡಿಕೊಡುತ್ತಾರೆ, ಬೆಲೆ ನಮ್ಮ ಎಷ್ಟೋ ತಿಂಗಳ ಸಂಬಳ. ಚೀನಾದ ಕಂಪನಿಗಳು ಅಗ್ಗದ ಹೈಬ್ರಿಡ್ ತಂದ ಮೇಲೆ ಇದು ನಮ್ಮ ಕೈಗೂ ಎಟಕಿತು. ಕೆಝಡ್ ಎಂಬ ಕಂಪನಿಯ ಝಡ್‌ಎಸ್‌ಎನ್‌ನಲ್ಲಿ ಒಂದೊಂದು ಕಿವಿಗೆ ಎರಡು ಡ್ರೈವರ್, ಝಡ್‌ಎಸ್10ರಲ್ಲಿ ಐದು. ಇತ್ತ ಮೂನ್‌ಡ್ರಾಪ್ ಕಂಪನಿಯ ಚೂ ಎಂಬುದರಲ್ಲಿ ಒಂದೇ ಒಂದು. ಹಾಗೆಂದು ಐದು ಇದ್ದದ್ದು ಒಂದಕ್ಕಿಂತ ಐದು ಪಟ್ಟು ಮೇಲೆಂದು ತಿಳಿಯಬೇಡಿ. ಅಡುಗೆಮನೆಯಲ್ಲಿ ಐದು ಜನ ಇದ್ದ ಮಾತ್ರಕ್ಕೆ ಸಾರು ರುಚಿಯಾಗುವುದಿಲ್ಲ. ಡ್ರೈವರುಗಳ ನಡುವೆ ಕೆಲಸದ ಹಂಚಿಕೆ ಸರಿಯಿಲ್ಲದಿದ್ದರೆ ಹಾಡುವವನ ಎದೆಯ ದನಿ ಒಂದು ಕಡೆ, ‘ಸ’ ‘ಶ’ಗಳ ಸುಯ್ಯೆನ್ನುವ ದನಿ ಇನ್ನೊಂದು ಕಡೆ ಬಿದ್ದು, ಒಬ್ಬ ಮನುಷ್ಯ ಇಬ್ಬರಾಗಿ ಕೇಳುತ್ತಾನೆ.

ಇನ್ನು ಕೂರುವ ಬಗೆ. ನಮ್ಮ ಕಿವಿಯ ಕೊಳವೆ ನೆಟ್ಟಗಿಲ್ಲ, ಸ್ವಲ್ಪ ಡೊಂಕು. ಹಾಗಾಗಿ ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಿರಿ, ಕೊಳವೆ ನೇರವಾಗುತ್ತದೆ. ಆಗ ಒಳಗಿಟ್ಟು ಕಿವಿ ಬಿಡಿ. ಎಡಕ್ಕೂ ಹಾಗೆಯೇ. ತಂತಿ ಕಿವಿಯ ಮೇಲಿನಿಂದ ಸುತ್ತಿ ಹಿಂದಕ್ಕೆ ಹೋಗುವ ಮಾದರಿಯಾದರೆ ಹಾಗೆಯೇ ಸುತ್ತಿ. ತಂತಿ ಅಂಗಿಗೆ ಉಜ್ಜಿ ಗರಗರ ಎನ್ನುವುದು ಕಡಿಮೆಯಾಗುತ್ತದೆ.

ನಾವು ರಬ್ಬರು ಎನ್ನುವ ತುದಿ ನಿಜವಾಗಿ ಸಿಲಿಕೋನಿನದು. ಸಾಮಾನ್ಯವಾಗಿ ಮೂರು ಅಳತೆ ಕೊಟ್ಟಿರುತ್ತಾರೆ. ನಡುವಿನದು ಮೊದಲೇ ಹಾಕಿರುತ್ತದೆ. ಉಳಿದವನ್ನು ಪೆಟ್ಟಿಗೆಯೊಡನೆ ಎಸೆಯುವವರೇ ಬಹಳ. ಎಸೆಯಬೇಡಿ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು, ನನಗೇ ಹಾಗಿದೆ. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಮೂರು ಪರೀಕ್ಷೆ ಸಾಕು.

ಒಂದು: ಹಾಡು ಹಚ್ಚಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ತಗ್ಗಿನ ನಾದ ತಟ್ಟನೆ ಹೆಚ್ಚಿದರೆ, ಮೊದಲು ಎಲ್ಲೋ ಸಂದಿ ಇತ್ತೆಂದು ಅರ್ಥ. ಸಂದಿಯಲ್ಲಿ ಮೊದಲು ಸೋರಿಹೋಗುವುದು ತಗ್ಗಿನ ನಾದವೇ.

ಎರಡು: ಬಾಯಿ ಆಡಿಸಿ, ಏನಾದರೂ ಅಗಿಯಿರಿ. ದವಡೆ ಅಲುಗಿದಾಗ ಕಿವಿಯ ಕೊಳವೆಯ ಆಕಾರ ಬದಲಾಗುತ್ತದೆ. ಆಗಲೂ ಜಾರದೆ ನಿಂತರೆ ಅಳತೆ ಸರಿ.

ಮೂರು: ಅರ್ಧ ಗಂಟೆ ಹಾಕಿಕೊಂಡಿರಿ. ನೋವು, ತುರಿಕೆ, ಒತ್ತಡ ಇದ್ದರೆ ಎಷ್ಟೇ ಚೆನ್ನಾಗಿ ಹಾಡಲಿ, ಅದು ನಿಮ್ಮದಲ್ಲ. ಚಿಪ್ಪು ದೊಡ್ಡದಾಗಿ ಕಿವಿಯ ಮಡಿಕೆಗೆ ಚುಚ್ಚುವುದು ಅಗ್ಗದ ಹೈಬ್ರಿಡ್‌ಗಳಲ್ಲಿ ಸಾಮಾನ್ಯ ದೋಷ. ಒಳಗೆ ಹೆಚ್ಚು ಸಾಮಾನು ತುಂಬಿದರೆ ಚಿಪ್ಪು ಹಿಗ್ಗಲೇಬೇಕು.

ಇನ್ನು ದನಿಯ ಪರೀಕ್ಷೆ. ಅಂಗಡಿಯವರು ತಮ್ಮ ಫೋನಿನಲ್ಲಿ ಧಡಧಡ ಎನ್ನುವ ಹೊಸ ಹಾಡು ಹಚ್ಚಿ ಕೊಡುತ್ತಾರೆ. ಬೇಡ. ನೀವು ನೂರು ಸಲ ಕೇಳಿದ, ಕಣ್ಣು ಮುಚ್ಚಿದರೂ ಮುಂದೇನು ಬರುತ್ತದೆಂದು ಗೊತ್ತಿರುವ ಮುದ್ರಣವನ್ನು ನಿಮ್ಮ ಫೋನಿನಲ್ಲೇ ಒಯ್ಯಿರಿ. ನಾನು ಕರಾವಳಿಯವನು, ಯಕ್ಷಗಾನ ಒಯ್ಯುತ್ತೇನೆ. ಅದಕ್ಕಿಂತ ಒಳ್ಳೆಯ ಪರೀಕ್ಷಕ ನನಗೆ ಸಿಕ್ಕಿಲ್ಲ. ಭಾಗವತರ ಕಂಠ ನಡುವೆ ನಿಲ್ಲಬೇಕು. ಮದ್ದಲೆಯ ಗುಂಕಾರ ತುಂಬಿ ಬರಬೇಕು, ಆದರೆ ಪದದ ಸಾಹಿತ್ಯವನ್ನು ನುಂಗಬಾರದು. ಚೆಂಡೆಯ ಪೆಟ್ಟು ಒಂದೊಂದೂ ಬೇರೆ ಬೇರೆಯಾಗಿ ಕೇಳಬೇಕು, ಕಲಸಿ ಮುದ್ದೆಯಾಗಬಾರದು. ತಾಳದ ಕಿಣಿಕಿಣಿ ಮೆಲ್ಲಗೆ ಕರಗಬೇಕು. ಸೂಜಿಯಂತೆ ಚುಚ್ಚಿದರೆ ಆ ಆರ್ಮೇಚರನ್ನು ಅತಿಯಾಗಿ ಮುಂದೆ ತಂದಿದ್ದಾರೆಂದು ತಿಳಿಯಿರಿ. ಧಾರವಾಡ, ಗದಗದ ಕಡೆಯವರು ಭೀಮಸೇನ ಜೋಶಿಯವರನ್ನೋ ಗಂಗೂಬಾಯಿ ಹಾನಗಲ್ ಅವರನ್ನೋ ಒಯ್ಯಬಹುದು. ತಂಬೂರಿಯ ಝೇಂಕಾರ ಹಿಂದೆ ಎಡೆಬಿಡದೆ ಹರಿಯುತ್ತಿದೆಯೇ, ಗಂಗೂಬಾಯಿಯವರ ಆ ಘನವಾದ ಕಂಠ ಘನವಾಗಿಯೇ ಬರುತ್ತಿದೆಯೇ ನೋಡಿ. ಜೊತೆಗೆ ಒಂದು ವಾರ್ತೆಯನ್ನೋ ಪಾಠವನ್ನೋ ಕೇಳಿ. ‘ಶಾಸನಸಭೆಯ ಸದಸ್ಯರು’ ಎಂದಾಗ ಕಿವಿಗೆ ಸೀಟಿ ಊದಿದಂತಾದರೆ ಅದನ್ನು ಅಲ್ಲೇ ಬಿಡಿ.

ಎಡಬಲ ಸಮವಾಗಿದೆಯೇ ಎಂದು ನೋಡಲು ಹಳೆಯ ಕಪ್ಪುಬಿಳುಪು ಚಿತ್ರಗಳ ಹಾಡು ಬಹಳ ಉಪಯೋಗಿ. ಅವು ಒಂದೇ ಧಾರೆಯ, ಅಂದರೆ ಮೋನೋ ಮುದ್ರಣಗಳು. ದನಿ ತಲೆಯ ನಟ್ಟನಡುವೆ ಕೇಳಬೇಕು. ಒಂದು ಪಕ್ಕಕ್ಕೆ ವಾಲಿದರೆ ಮೊದಲು ರಬ್ಬರು ಸರಿಪಡಿಸಿ, ಆಮೇಲೆ ಎಡದ್ದನ್ನು ಬಲಕ್ಕೆ ಹಾಕಿ ನೋಡಿ. ವಾಲಿಕೆಯೂ ಆಚೆ ಬದಿಗೆ ಹೋದರೆ ದೋಷ ವಸ್ತುವಿನದೋ ಫೋನಿನದೋ; ಇದ್ದಲ್ಲೇ ಇದ್ದರೆ ನಿಮ್ಮ ಕಿವಿಯದಾಗಿರಬಹುದು.

ಎರಡು ಜೊತೆಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲಿ. ಸ್ವಲ್ಪ ಜೋರಾಗಿದ್ದದ್ದೇ ಚೆನ್ನಾಗಿದೆ ಎಂದು ಮನಸ್ಸು ಮೋಸಹೋಗುತ್ತದೆ. ಇದನ್ನು ಮಾರುವವನೂ ಬಲ್ಲ. ಇನ್ನೊಬ್ಬರ ಕಿವಿಯಿಂದ ತೆಗೆದ ರಬ್ಬರನ್ನು ಹಾಗೇ ಹಾಕಬೇಡಿ. ನಿಮ್ಮದೇ ಒಂದು ಜೊತೆ ಜೇಬಿನಲ್ಲಿರಲಿ. ನಿಮ್ಮ ಫೋನಿಗೆ ಗುಂಡು ತೂತು ಇದೆಯೋ ಟೈಪ್-ಸಿ ಮಾತ್ರವೋ ನೋಡಿಕೊಂಡು ಹೋಗಿ. ಬಿಲ್ಲು ಕೇಳಿ ಪಡೆಯಿರಿ.

ಇಷ್ಟು ಹೊತ್ತು ವಸ್ತುವಿನ ಮಾತಾಯಿತು. ಈಗ ಕಿವಿಯ ಮಾತು. ಪರಳ, ಲಾಲ್‌ಬಾಗ್‌ಗಳ ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರು ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದು ಸಿಟ್ಟಲ್ಲ, ಮಗ್ಗ ಅವರ ಕಿವಿಯನ್ನು ತಿಂದಿತ್ತು. 1982ರ ಮುಷ್ಕರದ ನಂತರ ಆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗ್ಗದ ಸದ್ದು ಮಾತ್ರ ಭಿವಂಡಿಯಂತಹ ಊರುಗಳಲ್ಲಿ ಇದ್ದೇ ಇದೆ. ಇತ್ತ ಹೋಟೆಲಿನಲ್ಲಿ, ಕಚೇರಿಯಲ್ಲಿ ಇರುವವರು ಮಗ್ಗವಿಲ್ಲದೆಯೇ ಕಿವಿ ಕಳೆದುಕೊಳ್ಳುವ ದಾರಿ ಹಿಡಿದಿದ್ದಾರೆ.

ಗುಮಾಸ್ತನಾದ್ದರಿಂದ ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ, 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 3 ಡೆಸಿಬೆಲ್ ಏರಿದರೆ ಗಂಟೆ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಬರೀ ಎರಡೂವರೆ ಗಂಟೆ. ವಿರಾರ್, ನಾಲಾಸೋಪಾರಾಗಳಿಂದ ಲೋಕಲ್ ಹಿಡಿದು ಗ್ರಾಂಟ್ ರೋಡಿಗೆ ಬಂದು ಹೋಗುವವರಿಗೆ ದಿನಕ್ಕೆ ಎರಡೂವರೆ ಗಂಟೆ ಗಾಡಿಯಲ್ಲೇ ಕಳೆಯುತ್ತದೆ. ಗಾಡಿಯ ಗದ್ದಲದ ಮೇಲೆ ಹಾಡು ಕೇಳಲೆಂದು 92ಕ್ಕೆ ಏರಿಸಿದರೆ, ಸೋಮವಾರ ರಾತ್ರಿ ಮನೆ ಸೇರುವಷ್ಟರಲ್ಲಿ ಇಡೀ ವಾರದ ಪಾಲು ಖರ್ಚಾಯಿತು. ಮಂಗಳವಾರದಿಂದ ಸಾಲ. ಈ ಸಾಲವನ್ನು ತೀರಿಸಲು ಬರುವುದಿಲ್ಲ. ಸದ್ದಿನಿಂದ ಸತ್ತ ಕಿವಿಯ ನರತಂತು ಮತ್ತೆ ಚಿಗುರುವುದಿಲ್ಲ.

ಕೂರುವ ಬಗೆ ಮೊದಲು ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ. ಕಿವಿಯಲ್ಲಿ ಸಂದಿಯಿಲ್ಲದೆ ಕೂತ ಇಯರ್‌ಫೋನು ಹೊರಗಿನ ಗದ್ದಲವನ್ನು ಬಹುಮಟ್ಟಿಗೆ ತಡೆಯುತ್ತದೆ. ಗದ್ದಲ ತಗ್ಗಿದರೆ ಸದ್ದು ಏರಿಸುವ ಅಗತ್ಯವೇ ಇಲ್ಲ. ಫೋನಿನ ಸದ್ದಿನ ಪಟ್ಟಿ ನೂರಕ್ಕೆ ಅರವತ್ತನ್ನು ದಾಟದಿರಲಿ. ಆದರೆ ತಡೆಯುವ ಗುಣವೇ ಅಪಾಯವೂ ಹೌದು. ಹಳಿ, ರಸ್ತೆ, ಪ್ಲಾಟ್‌ಫಾರಂ ಅಂಚು, ಈ ಮೂರು ಕಡೆ ಎರಡೂ ಕಿವಿಯಿಂದ ತೆಗೆದುಬಿಡಿ. ಗಾಡಿ ಬರುವ ಸದ್ದು ಕೇಳದೆ ಹೋದ ಜೀವಗಳು ಈ ಊರಿನಲ್ಲಿ ಸಾಕಷ್ಟಾಗಿವೆ.

ನಮ್ಮ ತರುಣನ ಕತೆ ಮುಗಿಸುತ್ತೇನೆ. ರಬ್ಬರು ಬದಲಾದ ಮೇಲೆ ತಾಯಿಯ ಮಾತು ಅವನಿಗೆ ತಿಳಿಯಿತು. ಆದರೆ ಒಂದು ದಿನ, “ಮಲಗಿದಾಗ ಕಿವ್ಯಾಗ ಜೀರುಂಡಿ ಕೂಗಿದಂಗ ಆಗ್ತದರೀ,” ಎಂದ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. 1983ರಿಂದ ಕಿವಿ ಮತ್ತು ಮಾತಿನ ತೊಂದರೆಗಳಿಗೇ ಮೀಸಲಾದ ಸರಕಾರಿ ಸಂಸ್ಥೆ. ಅಲ್ಲಿ ಪರೀಕ್ಷೆ ಮಾಡಿಸಿದೆವು. ಎತ್ತರದ ಸ್ವರಗಳಲ್ಲಿ ಎರಡೂ ಕಿವಿ ಸ್ವಲ್ಪ ಮಂದವಾಗಿತ್ತು. ಸದ್ದಿನ ಪೆಟ್ಟು ಮೊದಲು ಬೀಳುವುದು ಅಲ್ಲಿಯೇ, 4,000 ಹರ್ಟ್ಸ್‌ನ ಆಸುಪಾಸಿನಲ್ಲಿ. ಅವನಿಗೆ ಇಪ್ಪತ್ತಾರು ವರ್ಷ. ನಾನು ಅವನಿಗೆ ಜೋರಿನದನ್ನೇ ಕೊಡಿಸಿದ್ದರೆ ಏನಾಗುತ್ತಿತ್ತೆಂದು ಆ ದಿನ ಗಾಡಿಯಲ್ಲಿ ಬರುವಾಗ ಯೋಚಿಸಿದೆ. ಈಗ ಅವನು ಮಗ್ಗದ ಮುಂದೆ ಸ್ಪಂಜಿನ ಬಿರಡೆ ಇಟ್ಟುಕೊಳ್ಳುತ್ತಾನೆ. ಅಲ್ಲಿ ಇಯರ್‌ಫೋನು ಹಾಕುವುದಿಲ್ಲ. ಮಗ್ಗದ ಸದ್ದಿನ ಮೇಲೆ ಹಾಡಿನ ಸದ್ದು ಸೇರಿಸುವುದು ಗಾಯದ ಮೇಲೆ ಬರೆ.

ಗೆಳೆಯರೇ, ಊರು ಬಿಟ್ಟು ಬಂದ ನಮಗೆ ಊರು ಉಳಿದಿರುವುದು ಬಹುಪಾಲು ಕಿವಿಯಲ್ಲೇ. ಸಾವಿರ ರೂಪಾಯಿಯ ವಸ್ತು ಹಾಳಾದರೆ ಇನ್ನೊಂದು ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ, ಕಿವಿ ಸಿಗುವುದಿಲ್ಲ. ವಾಚನಾಲಯದ ಕಪಾಟಿನ ಮೇಲಿನ ಖಾನೆಯಲ್ಲಿ ಮೂರೂ ಅಳತೆಯ ಹೊಸ ರಬ್ಬರುಗಳನ್ನು ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಭಾನುವಾರ ಹತ್ತರಿಂದ ಒಂದರವರೆಗೆ ನಾನು ಇಲ್ಲೇ ಇರುತ್ತೇನೆ. ನಿಮ್ಮ ಇಯರ್‌ಫೋನು ತನ್ನಿ, ಅಳತೆ ನೋಡಿಕೊಡುತ್ತೇನೆ. ಬಂದವರು ಹೇಗೂ ಬಂದಿರಿ ಎಂದು ಒಂದು ಪುಸ್ತಕವನ್ನೂ ಎತ್ತಿಕೊಂಡು ಹೋದರೆ ನನ್ನ ಸೇವೆಗೆ ಅದೇ ಸಂಬಳ.