ಊರ ಹೊರಗಿನ ಕೇರಿ: ಆಯದ ಕಾಳಿನಿಂದ ಸಂಬಳದವರೆಗೆ



ಮಸ್ಕಿಯ ಅಶೋಕ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅದನ್ನು ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಅಶೋಕನ ಹೆಸರು ಸ್ಪಷ್ಟವಾಗಿ ಕಾಣಿಸಿದ್ದರಿಂದ ಶಾಸನ ಜಗತ್ಪ್ರಸಿದ್ಧವಾಯಿತು. ಆದರೆ ಅದರೊಳಗಿನ ಇನ್ನೊಂದು ಮಾತನ್ನು ನೆನೆಯುವವರು ಕಡಿಮೆ. ಧರ್ಮದಲ್ಲಿ ನಡೆದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವನಿಗೂ ಉನ್ನತ ಫಲ ದಕ್ಕುತ್ತದೆ ಎಂಬುದು ಅದರ ಸಾರ. ಈ ಮಾತು ಕೆತ್ತಿದ ಸೀಮೆಯಲ್ಲೇ, ಎರಡು ಸಾವಿರ ವರ್ಷ ಕಳೆದ ಮೇಲೂ, ಕೇರಿಯವರು ಊರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ.

ಮಸ್ಕಿ, ಲಿಂಗಸುಗೂರು, ಸಿಂಧನೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಹೊಲೆಯ, ಮಾದಿಗರ ಕೇರಿಗಳು ಊರಿನ ಅಂಚಿಗಿದ್ದವು. ಯಾರಾದರೂ ಮೇಲಿನಿಂದ ನೀರು ಸುರಿಯುವ ತನಕ ಹೆಣ್ಣುಮಕ್ಕಳು ಬಾವಿಯ ಬಳಿ ಕಾಯಬೇಕು. ಚಹದಂಗಡಿಯಲ್ಲಿ ಅವರ ಲೋಟ ಬೇರೆ. ಕುಡಿದವರೇ ಅದನ್ನು ತೊಳೆದಿಡಬೇಕು. ಮೇಲಿನ ಓಣಿ ದಾಟುವಾಗ ಚಪ್ಪಲಿ ಕೈಗೆ ಬರಬೇಕು. ಆ ಚಪ್ಪಲಿ ಹೊಲಿದವರೂ ಇವರೇ, ಜಾತ್ರೆಯಲ್ಲಿ ಹಲಗೆ ಬಾರಿಸುವವರೂ ಇವರೇ. ಸತ್ತ ದನ ಸಾಗಿಸುವುದು, ಬಾವಿಯ ನೀರೆತ್ತಲು ತೊಗಲ ಚೀಲ ಹೊಲಿಯುವುದು ಕೂಡ ಇವರ ಪಾಲಿಗೆ ಬಿದ್ದ ಕೆಲಸ. ಪ್ರತಿಫಲವಾಗಿ ಸಿಗುತ್ತಿದ್ದುದು ಸುಗ್ಗಿಯಲ್ಲಿ ಕಣದಿಂದ ಬರುವ ಆಯದ ಕಾಳು.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಷಿಕಾಗೊ ನಗರದ ಕಪ್ಪು ಜನರೂ ಪ್ರತ್ಯೇಕ ಬಡಾವಣೆಗಳಲ್ಲಿ ಬದುಕಿದರು. ಬಿಳಿಯರ ಬೀದಿಯಲ್ಲಿ ಅವರಿಗೆ ಮನೆ ಸಿಗುತ್ತಿರಲಿಲ್ಲ. ಆದರೆ ಅವರ ಕೈಯಲ್ಲಿ ಕಾರ್ಖಾನೆಯ ಕೂಲಿ ಇತ್ತು. ಆ ಹಣದಿಂದ ಬಡಾವಣೆಯೊಳಗೇ ಅಂಗಡಿ, ಕ್ಷೌರದಂಗಡಿ, ಪತ್ರಿಕೆ ಬೆಳೆದವು. ನಮ್ಮ ಕೇರಿಗೆ ಅಂಥ ಅವಕಾಶವಿರಲಿಲ್ಲ. ಇವರು ಮುಟ್ಟಿದ ತಿಂಡಿಯನ್ನು ಊರು ಕೊಳ್ಳುತ್ತಿರಲಿಲ್ಲ. ಕೇರಿಯ ಕೈಯಲ್ಲಿ ರೊಕ್ಕವಿರಲಿಲ್ಲ. ಕಾಳು ಹೊಟ್ಟೆ ತುಂಬಿಸುತ್ತದೆ, ಆದರೆ ಅದು ಗೌಡರ ಕಣದಿಂದಲೇ ಬರಬೇಕು. ಹೀಗಾಗಿ ಕೇರಿಯ ಆಸೆಗೆ ಮೊದಲು ಬೇಕಾದದ್ದು ಗೌಡರ ಮರ್ಜಿಯಿಲ್ಲದ ದುಡಿಮೆ.

ಅದಕ್ಕೆ ಎರಡು ದಾರಿ ತೆರೆದವು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ 1947ರಲ್ಲಿ ಚಿನ್ನದ ಗಣಿ ಕಂಪನಿ ಸ್ಥಾಪನೆಯಾಯಿತು. ಗಣಿಗೆ ಇಳಿದವನಿಗೆ ಹಾಜರಿ ಪುಸ್ತಕವಿದೆ, ಪಾಳಿಯಿದೆ, ಸಂಬಳವಿದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದ ಮೇಲೆ ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳಿಗೆ ಹರಿಯಿತು. ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ಕೇರಿಯ ಪಾಲಿಗೆ ಬಂದದ್ದು ಭೂಮಿಯಲ್ಲ. ಭತ್ತದ ನಾಟಿ, ಕಳೆ, ಕೊಯ್ಲಿನ ಕೂಲಿ. ಆದರೂ ಅದು ನಗದು. ಕೂಲಿಯೂ ಸಿಗದವರು ಗುಳೆ ಹೋದರು.

ಇನ್ನೊಂದು ಆಸೆ ಅಕ್ಷರದ್ದು. ಕಚೇರಿಯ ಭಾಷೆ ಉರ್ದುವಾಗಿದ್ದ ಕಾಲದಲ್ಲಿ ಕನ್ನಡದ ಬಡ ಮಗುವಿಗೆ ಅಕ್ಷರವೇ ದುರ್ಲಭ. ಕೇರಿಯ ಮಗುವಿಗೆ ಶಾಲೆಯ ಹೊಸ್ತಿಲೂ ದೂರ. ಹೈದರಾಬಾದ್ ಸಂಸ್ಥಾನದ ದಲಿತ ನಾಯಕ ಬಿ. ಶ್ಯಾಮಸುಂದರ್ ಈ ಕೊರತೆಯನ್ನು ಬಲ್ಲವರು. 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದವರೂ ಅವರೇ. ಡಾ. ಅಂಬೇಡ್ಕರ್ 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆದಾಗ ಆ ಊರೂ ರಾಯಚೂರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮುಂದೆ ಸರ್ಕಾರಿ ವಿದ್ಯಾರ್ಥಿನಿಲಯಗಳು ಬಂದವು. ಜೀತಕ್ಕೆ ನಿಲ್ಲಬೇಕಾಗಿದ್ದ ಹುಡುಗನಿಗೆ ಅಲ್ಲಿ ಎರಡು ಹೊತ್ತಿನ ಊಟ, ಓದಲು ದೀಪ ಸಿಕ್ಕಿತು. ಮೇಷ್ಟ್ರಾಗುವುದು, ಬಸ್ ಕಂಡಕ್ಟರ್ ಆಗುವುದು ಕೇರಿಯ ದೊಡ್ಡ ಕನಸುಗಳಾದವು.

ಕಾನೂನು ಏನು ಮಾಡಿತು? 1950ರಲ್ಲಿ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಅದನ್ನು ಶಿಕ್ಷಾರ್ಹಗೊಳಿಸಿದ ಕಾಯ್ದೆ 1955ರಲ್ಲಿ ಬಂತು. ಅದೇ ವರ್ಷ ಅಮೆರಿಕದ ಮಾಂಟ್ಗೊಮರಿಯಲ್ಲಿ ಕಪ್ಪು ಜನ ಬಸ್ಸುಗಳನ್ನು ಬಹಿಷ್ಕರಿಸಿದರು. ಜೀತ ಪದ್ಧತಿಯ ನಿಷೇಧಕ್ಕೆ 1976ರವರೆಗೆ, ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯ ನಿಷೇಧಕ್ಕೆ 1982ರವರೆಗೆ ಕಾಯಬೇಕಾಯಿತು. ಕಾಯ್ದೆ ಕೈಗೆ ಬಂದರೂ ಅದನ್ನು ಬಳಸುವ ಧೈರ್ಯ ಬೇಕಲ್ಲ? ಊರ ಕಣವನ್ನೇ ನಂಬಿದವನು ಠಾಣೆಯ ಮೆಟ್ಟಿಲು ಹತ್ತುವುದು ಕಷ್ಟ. ಸಂಬಳದವನು, ಓದಿದವನು ಹತ್ತಬಲ್ಲ. 1970ರ ದಶಕದ ದಲಿತ ಚಳವಳಿಗೆ ಬಲ ತಂದವರಲ್ಲಿ ಹೀಗೆ ಓದಿದ ಯುವಕರು ಬಹಳ ಮಂದಿ.

2008ರಿಂದ ಲಿಂಗಸುಗೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ಕೇರಿಯ ಮಗ, ಮಗಳು ವಿಧಾನಸೌಧಕ್ಕೆ ಹೋಗುವ ದಾರಿ ಅದು. ಆದರೆ ಅದೇ ಕೇರಿಯ ಮೇಷ್ಟ್ರು ಪೇಟೆಯಲ್ಲಿ ಬಾಡಿಗೆ ಮನೆ ಹುಡುಕಲು ಹೊರಟರೆ, ಬಾಡಿಗೆ ಎಷ್ಟು ಎನ್ನುವ ಮೊದಲೇ 'ನಿಮ್ಮ ಪೈಕಿ ಯಾರು?' ಎಂಬ ಪ್ರಶ್ನೆ ಎದುರಾಗುವುದುಂಟು. ಕೇರಿಯವರು ದುಡಿದರು, ಓದಿದರು, ಊರಿನೊಳಗೆ ಬಂದು ಬಾಗಿಲು ತಟ್ಟಿದ್ದಾರೆ. ಬಾಗಿಲು ತೆರೆಯಬೇಕಾದವರು ಊರಿನವರು.