ಕದ್ದ ಸಾಫ್ಟ್‌ವೇರ್ ಯಾಕ್ರೀ ಬೇಕು?

ನಾನು ಓದಿದ್ದು ಬರೀ ಪಿಯುಸಿ. ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ವರದಿ ಅಚ್ಚು ಹಾಕುತ್ತಾ ಒಂದಿಷ್ಟು ಕಲಿತೆ. ಹೋದ ವರ್ಷ ಒಬ್ಬ ಹುಡುಗ ರಾತ್ರಿ ಹತ್ತಕ್ಕೆ ಪ್ರೆಸ್ಸಿಗೆ ಓಡಿಬಂದ. ಗ್ರಾಫ್ ತಪ್ಪಾಗಿದೆ, ತಿದ್ದೋಣವೆಂದರೆ ಅವನ ಕದ್ದ ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡಿದೆ! ಬೈಂಡಿಂಗ್ ನಿಲ್ಲಿಸಿ ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಆಕ್ಟೇವ್ ಎಂಬುದೊಂದಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್, ಟೆಕ್ಸಾಸ್ ವಿಶ್ವವಿದ್ಯಾಲಯಗಳ ರಾಲಿಂಗ್ಸ್ ಮತ್ತು ಎಕರ್ಟ್ ಎಂಬ ಮೇಷ್ಟ್ರುಗಳು ರಾಸಾಯನಿಕ ರಿಯಾಕ್ಟರ್ ವಿನ್ಯಾಸದ ಪಠ್ಯಪುಸ್ತಕ ಬರೆಯುತ್ತಿದ್ದರು. ವಿದ್ಯಾರ್ಥಿಗಳೋ, ರಿಯಾಕ್ಟರ್ ಬಿಟ್ಟು ತಮ್ಮ ಫೋರ್ಟ್ರಾನ್ ಪ್ರೋಗ್ರಾಮ್ ಯಾಕೆ ಕೆಟ್ಟಿತು ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತಿದ್ದರು. ಅಂಥವರಿಗಾಗಿ ಜಾನ್ ಈಟನ್ 1992ರಲ್ಲಿ ಪೂರ್ತಿ ಇದಕ್ಕೇ ಕೂತರು, 1994ರಲ್ಲಿ 1.0 ಆವೃತ್ತಿ ಬಂತು. ಹೆಸರು ಸಂಗೀತದ್ದಲ್ಲ, ಈಟನ್‌ಗೆ ಪಾಠ ಹೇಳಿದ ಆಕ್ಟೇವ್ ಲೆವೆನ್‌ಸ್ಪೀಲ್ ಅವರದು. ಚೀಟಿಯ ಹಿಂದೆ ಲೆಕ್ಕ ಗೀಚಿ ಥಟ್ಟನೆ ಉತ್ತರ ಹೇಳುವುದಕ್ಕೆ ಹೆಸರಾದ ಮೇಷ್ಟ್ರು. ಗುರುದಕ್ಷಿಣೆ ಅಂದ್ರೆ ಇದು ಕಣ್ರೀ!

ಇದಕ್ಕೆ ಕಾಸು ಕೊಡಬೇಕಿಲ್ಲ. ಮೂಲ ಸಂಕೇತ ತೆರೆದೇ ಇದೆ. ಓದಿ, ತಿದ್ದಿ, ಹಂಚಿ. ಮ್ಯಾಟ್‌ಲ್ಯಾಬ್‌ಗೆ ಬರೆದದ್ದು ಬಹುಪಾಲು ಇಲ್ಲೂ ಓಡುತ್ತದೆ. ಎಲ್ಲವೂ ಓಡುತ್ತದೆ ಅಂದರೆ ಸುಳ್ಳಾದೀತು. ಪರದೆಯ ಮೇಲೆ ಬ್ಲಾಕ್ ಜೋಡಿಸಿ ಯಂತ್ರವನ್ನು ಓಡಿಸಿ ನೋಡುವ ಸಿಮುಲಿಂಕ್ ಇಲ್ಲಿಲ್ಲ. ಅದಕ್ಕೆ ಫ್ರಾನ್ಸಿನಲ್ಲಿ ಹುಟ್ಟಿದ ಸೈಲ್ಯಾಬ್‌ನ ಎಕ್ಸ್‌ಕಾಸ್ ಹಿಡಿಯಿರಿ, ಅದೂ ಪುಕ್ಕಟೆ.

ಇಂಗ್ಲಿಷ್ ಅಂತ ಹೆದರಬೇಡಿ. ಮುಕ್ತ ಸಾಫ್ಟ್‌ವೇರ್ ಕಲಿಸುವ ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ದನಿಯ ಪಾಠಗಳೂ ಇವೆ. ಸಾಲದು ಅನಿಸಿತೇ? ಮುಂದಿನ ಪಾಠಕ್ಕೆ ದನಿ ನೀವೇ ಕೊಡಿ!